12 ದಿನ ಆಯ್ತು, ಕಾಂಕ್ರೀಟು ಕಲ್ಲಾಗಿದೆ, ಇನ್ನೂ ಯಾಕೆ ಬಿಡುತ್ತಿಲ್ಲ?

ಪ್ರಶ್ನೆ: ಉಡುಪಿ ಹತ್ತಿರದ ಒಂದು ಸಣ್ಣ ಪೇಟೆಯಲ್ಲಿ ನನ್ನದು ಬಟ್ಟೆ ಅಂಗಡಿ. ಅಪ್ಪನ ಕಾಲದ್ದು. ಅಂಗಡಿ ಮುಂದಿನ ಮುಖ್ಯ ರಸ್ತೆಯನ್ನು ಎರಡು ವರ್ಷದಲ್ಲಿ ಮೂರು ಸಲ ಅಗೆದರು. ಮೊದಲು ಒಳಚರಂಡಿಗೆ, ಆಮೇಲೆ ಕುಡಿಯುವ ನೀರಿನ ಪೈಪಿಗೆ, ಈಗ ಕಾಂಕ್ರೀಟಿಗೆ. ಸುಮಾರು 300 ಮೀಟರ್ ಉದ್ದಕ್ಕೆ ಎದುರಿನ ಬದಿಗೆ ಕಾಂಕ್ರೀಟು ಹಾಕಿ 12 ದಿನ ಆಯ್ತು. ಕಲ್ಲಿನ ಹಾಗೆ ಗಟ್ಟಿಯಾಗಿದೆ, ಆದರೂ ವಾಹನ ಬಿಡುತ್ತಿಲ್ಲ. ನನ್ನ ಅಂಗಡಿ ಇರುವ ಬದಿ ಇನ್ನೂ ಬಾಕಿ. ಆ ಅರ್ಧದಲ್ಲೇ ಬಸ್ಸು, ಲಾರಿ, ರಿಕ್ಷಾ ಎಲ್ಲವೂ ನುಗ್ಗುತ್ತವೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಹಾರ್ನು. ಏಪ್ರಿಲ್, ಮದುವೆ ಸೀಸನ್ನು, ವ್ಯಾಪಾರ ಅರ್ಧಕ್ಕೆ ಇಳಿದಿದೆ. ರಸ್ತೆ ಅಗಲ ಮಾಡಿದರೆ ಎಲ್ಲಾ ಸರಿ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅಗಲ ಮಾಡಿದರೆ ನನ್ನ ಅಂಗಡಿಯ ಜಗಲಿ ಹೋಗುತ್ತದೆ. ನಿಜವಾಗಿ ತಪ್ಪು ಎಲ್ಲಿದೆ? ನಾವು ವರ್ತಕರು ಯಾರ ಹತ್ತಿರ ಏನು ಕೇಳಬೇಕು?

ಉತ್ತರ: ನಿಮ್ಮ ಪತ್ರ ಓದಿ ನನಗೆ ಮೊದಲು ನೆನಪಾದದ್ದು ಗೋಣಿಚೀಲ. ನಗಬೇಡಿ. ಇವತ್ತು ಸಂಜೆ ಅಂಗಡಿ ಬಾಗಿಲು ಹಾಕುವ ಮೊದಲು ರಸ್ತೆ ದಾಟಿ ಹೋಗಿ, ಆ ಹೊಸ ಕಾಂಕ್ರೀಟಿನ ಮೇಲೆ ಹಾಸಿದ ಗೋಣಿಯನ್ನು ಒಮ್ಮೆ ಮುಟ್ಟಿ ನೋಡಿ. ಒದ್ದೆ ಇದೆಯಾ? ಅಲ್ಲ, ಹಪ್ಪಳದ ಹಾಗೆ ಒಣಗಿದೆಯಾ? ಗೋಣಿಯೇ ಇಲ್ಲವಾ? ನಿಮ್ಮ ಕೋಪ ಯಾರ ಮೇಲೆ, ಎಷ್ಟು ಇರಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.

ನಾನು ಮೂವತ್ತು ವರ್ಷ ಪೇಟೆ ರಸ್ತೆ, ಚರಂಡಿ ಕೆಲಸ ಮಾಡಿಸಿದವನು. ಈಗ ನಿವೃತ್ತ, ಉಡುಪಿಯಲ್ಲೇ ಇದ್ದೇನೆ. ಅಂಗಡಿಯವರ ಬೈಗುಳ ಬೇಕಾದಷ್ಟು ತಿಂದಿದ್ದೇನೆ. ಅದರಲ್ಲಿ ಅರ್ಧ ನನಗೆ ಸಲ್ಲಬೇಕಾದದ್ದೇ.

ಮೊದಲು ಆ 12 ದಿನದ ವಿಷಯ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ ಮಾರಾಯ್ರೆ. ಒದ್ದೆ ಅಂಗಿ ಒಣಗಿದ ಹಾಗೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಸಿಮೆಂಟು ನೀರಿನ ಜೊತೆ ಸೇರಿ ನಿಧಾನಕ್ಕೆ ಬೇರೆಯೇ ಒಂದು ವಸ್ತುವಾಗುತ್ತಾ ಹೋಗುತ್ತದೆ. ನೀರು ಇರುವ ತನಕ ಆ ಕೆಲಸ ನಡೆಯುತ್ತದೆ. ನೀರು ಆರಿದರೆ ಅಲ್ಲಿಗೇ ನಿಲ್ಲುತ್ತದೆ. ಎರಡನೇ ದಿನವೇ ಮೇಲಿನಿಂದ ಕಲ್ಲು. ಉಗುರಲ್ಲಿ ಗೀರಿದರೆ ಗೆರೆ ಬೀಳುವುದಿಲ್ಲ. ಜನ ನಡೆಯಬಹುದು, ನಾಯಿ ಮಲಗಬಹುದು. ಆದರೆ ಬಸ್ಸಿನ ಭಾರ ಹೊರುವ ಶಕ್ತಿ ಬಂದಿರುವುದಿಲ್ಲ.

ಇಂಥ ರಸ್ತೆಗೆ ಸಾಮಾನ್ಯವಾಗಿ ಎಂ40 ಎನ್ನುವ ಕಾಂಕ್ರೀಟು ಹಾಕುತ್ತಾರೆ. ಆ 40ರ ಅರ್ಥ, 28ನೇ ದಿನ ಪರೀಕ್ಷೆ ಮಾಡಿದರೆ ಒಂದು ಚದರ ಮಿಲಿಮೀಟರಿಗೆ 40 ನ್ಯೂಟನ್, ಅಂದರೆ ಸುಮಾರು 4 ಕಿಲೋ ಭಾರ ತಡೆಯಬೇಕು ಎಂದು. ಏಳನೇ ದಿನಕ್ಕೆ ಅದರ ಮೂರರಲ್ಲಿ ಎರಡು ಪಾಲಿನಷ್ಟು ಶಕ್ತಿ ಬಂದಿರುತ್ತದೆ. ಉಳಿದದ್ದು ನಿಧಾನಕ್ಕೆ ಬರುತ್ತದೆ. ಹಾಗಾಗಿ ಮೊದಲ 14 ದಿನವಾದರೂ ನೀರು ಆರಬಾರದು (ಒದ್ದೆ ಗೋಣಿ ಹಾಸುವುದು ಅದಕ್ಕೇ), ಭಾರೀ ವಾಹನ 28 ದಿನ ಆದ ಮೇಲೆ ಎನ್ನುವುದು ರೂಢಿಯ ಲೆಕ್ಕ.

ನನ್ನ ಸ್ಕೂಟರು ಹೋದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಏನೂ ಆಗುವುದಿಲ್ಲ. ಆದರೆ ಸ್ಕೂಟರಿಗೆ ದಾರಿ ಬಿಟ್ಟರೆ ಹಿಂದೆಯೇ ರಿಕ್ಷಾ, ಅದರ ಹಿಂದೆ ಗೂಡ್ಸ್ ಟೆಂಪೋ, ಮರುದಿನ ಬೆಳಗಿನ ಜಾವ ಯಾರೂ ಇಲ್ಲದಾಗ ಜಲ್ಲಿ ಲಾರಿ. ನಮ್ಮ ಊರು ನಮಗೆ ಗೊತ್ತಿಲ್ವಾ? ಒಂದು ಆಕ್ಸಲಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಾಗಿ ನಿಲ್ಲುವುದಿಲ್ಲ, ಸುಮಾರು 16 ಪಟ್ಟಾಗುತ್ತದೆ. ಅಮೆರಿಕದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಸುತ್ತಿಸಿ ಸುತ್ತಿಸಿ ಕಂಡುಕೊಂಡ ಲೆಕ್ಕ ಇದು. ಸಾವಿರ ಸ್ಕೂಟರಿನಿಂದ ಆಗದ ಹಾಳು, ತುಂಬಿದ ಒಂದು ಟಿಪ್ಪರಿನಿಂದ ಆಗುತ್ತದೆ. ಅದೂ ಅಂಚಿನಲ್ಲಿ. ಕಾಂಕ್ರೀಟು ಮೊದಲು ಒಡೆಯುವುದು ಯಾವಾಗಲೂ ಅಂಚಿನಲ್ಲಿ, ಮೂಲೆಯಲ್ಲಿ.

ಎದುರಿನ ಅರ್ಧದ ಅಂಚಿನಿಂದ, ಅಂದರೆ ರಸ್ತೆಯ ನಡುವಿನಿಂದ, ಕಬ್ಬಿಣದ ಸರಳುಗಳು ನಿಮ್ಮ ಬದಿಗೆ ಚಾಚಿಕೊಂಡಿರುವುದನ್ನು ನೋಡಿರಬಹುದು. ಎರಡು ಅರ್ಧಗಳೂ ಬೇರೆ ಬೇರೆ ಸರಿಯದ ಹಾಗೆ ಹಿಡಿದಿಡುವುದು ಅವೇ. ಅವುಗಳ ಮೇಲೆ ಬೈಕು ಹತ್ತಿಸಿ ಬಗ್ಗಿಸುತ್ತಾರೆ. ಆಮೇಲೆ ಕೆಲಸದವರು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡುತ್ತಾರೆ. ನೋಡುವುದಕ್ಕೆ ಸರಿ ಹೋಯಿತು. ಬುಡದಲ್ಲಿ ಮಾತ್ರ ಹಿಡಿತ ಸಡಿಲ.

ಇನ್ನು ಆ ಗೆರೆಗಳು. ಕಾಂಕ್ರೀಟು ಹಾಕಿದ ರಾತ್ರಿಯೇ ಮಿಷನ್ ತಂದು ಅಡ್ಡಕ್ಕೆ ಕೊಯ್ದಿರುತ್ತಾರೆ. ಹೊಸ ರಸ್ತೆಯನ್ನೇ ಕತ್ತರಿಸುತ್ತಾರಲ್ಲ, ಹುಚ್ಚೇ ಎಂದು ಒಬ್ಬರು ಹಿರಿಯರು ನನ್ನ ಹತ್ತಿರ ಜಗಳಕ್ಕೇ ಬಂದಿದ್ದರು. ಕಾಂಕ್ರೀಟು ಕುಗ್ಗುತ್ತದೆ. ಕುಗ್ಗುವಾಗ ಎಲ್ಲಾದರೂ ಬಿರುಕು ಬಿಟ್ಟೇ ಬಿಡುತ್ತದೆ. ನಾವು ಸುಮಾರು ನಾಲ್ಕೂವರೆ ಮೀಟರಿಗೊಂದು ಗೆರೆ ಕೊಯ್ದು, ಇಲ್ಲೇ ಬಿರುಕು ಬಿಡು ಎಂದು ಜಾಗ ತೋರಿಸುತ್ತೇವೆ. ಕಾಂಕ್ರೀಟಿನ ದಪ್ಪದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳ. ಒಂದು ದಿನ ತಡವಾದರೆ ಅದು ನಮ್ಮ ಮಾತು ಕೇಳುವುದಿಲ್ಲ, ಹಾವು ಹರಿದ ಹಾಗೆ ತನಗೆ ಬೇಕಾದ ಕಡೆ ಬಿರಿಯುತ್ತದೆ.

ಹಾಗಾಗಿ 12ನೇ ದಿನ ವಾಹನ ಬಿಡದೇ ಇರುವುದು ಸರಿ. ಆದರೆ ಗೋಣಿ ಒಣಗಿದ್ದರೆ ಆ ಮುಚ್ಚಿದ ದಿನಗಳು ಸುಮ್ನೆ ಹಾಳು. ನಿಮ್ಮ ವ್ಯಾಪಾರವೂ ಹೋಯಿತು, ರಸ್ತೆಗೂ ಶಕ್ತಿ ಬರಲಿಲ್ಲ. ಏಪ್ರಿಲ್, ಮೇ ಎಂದರೆ ನಮ್ಮಲ್ಲಿ ನೀರಿಗೆ ತತ್ವಾರ. ಉಡುಪಿ ನಗರಕ್ಕೆ ನೀರು ಬರುವ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯಲ್ಲೇ ತಳ ಕಂಡ ಬೇಸಿಗೆಗಳುಂಟು. ಗುತ್ತಿಗೆದಾರ ಟ್ಯಾಂಕರಿಗೆ ದುಡ್ಡು ಕೊಟ್ಟು ನೀರು ತರಿಸಬೇಕು. ಮೊದಲು ಕೈ ಹಿಡಿಯುವುದು ಅಲ್ಲೇ. ಕಡಲ ಬದಿಯ ಪೇಟೆಯಾದರೆ ಇನ್ನೊಂದು ನೋಡಿ. ಹತ್ತಿರದ ಬಾವಿಯ ಚಪ್ಪೆ ಉಪ್ಪು ನೀರು ಹೊಡೆಯುತ್ತಿದ್ದರೆ ಬೇಡ ಎನ್ನಿ. ಒಳಗೆ ಕಬ್ಬಿಣ ಉಂಟು, ತುಕ್ಕು ಹಿಡಿಯುತ್ತದೆ.

ರಸ್ತೆ ಹಾಕುವಾಗ ಅದೇ ಕಾಂಕ್ರೀಟನ್ನು 15 ಸೆಂ.ಮೀ. ಅಳತೆಯ ಚೌಕದ ಅಚ್ಚುಗಳಿಗೆ ತುಂಬಿ ಇಡುತ್ತಾರೆ. 7ನೇ ದಿನ ಕೆಲವನ್ನು, 28ನೇ ದಿನ ಕೆಲವನ್ನು ಒಡೆದು ಶಕ್ತಿ ಅಳೆಯುತ್ತಾರೆ. 7ನೇ ದಿನದ ವರದಿ ಈಗಾಗಲೇ ಬಂದಿರಬೇಕು. ಪುರಸಭೆಯ ಎಂಜಿನಿಯರ್ ಹತ್ತಿರ ಅದನ್ನು ಕೇಳಿ. ಕೇಳುವವರು ಒಬ್ಬರಿದ್ದಾರೆ ಎಂದು ಗೊತ್ತಾದರೆ ಗೋಣಿ ತನ್ನಷ್ಟಕ್ಕೆ ಒದ್ದೆಯಾಗುತ್ತದೆ.

ಇನ್ನು ಮೂರು ಸಲ ಅಗೆದ ವಿಷಯ. ನಿಮಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ನಿಮ್ಮ ಪೇಟೆಯಲ್ಲಿ ಅಗೆದ ಕ್ರಮ ಸರಿಯಾಗಿಯೇ ಇದೆ. ಒಳಚರಂಡಿ ಎಲ್ಲಕ್ಕಿಂತ ಆಳದಲ್ಲಿ ಹೋಗಬೇಕು, ಯಾಕೆಂದರೆ ಕೊಳಚೆ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಕುಡಿಯುವ ನೀರಿನ ಪೈಪು ಅದಕ್ಕಿಂತ ಮೇಲೆ ಇರಬೇಕು. ಕೊಳಚೆ ಸೋರಿದರೂ ಕುಡಿಯುವ ನೀರಿಗೆ ಸೇರಬಾರದಲ್ಲ. ಕಾಂಕ್ರೀಟು ಕೊನೆಗೆ. ಇದು ಉಲ್ಟಾ ಆದ ಊರುಗಳಿವೆ. ಹೊಸ ಕಾಂಕ್ರೀಟು ಒಡೆದು ಪೈಪು ಹಾಕಿದ್ದನ್ನು ನೀವೂ ಕಂಡಿರಬಹುದು. ಹೋಲಿಸಿದರೆ ನೀವು ಪುಣ್ಯವಂತರು.

ಹಾಗಾದರೆ ಎರಡು ವರ್ಷ ಯಾಕೆ ಹಿಡಿಯಿತು? ಒಳಚರಂಡಿಯದ್ದು ಒಂದು ಅನುದಾನ, ನೀರಿನದ್ದು ಇನ್ನೊಂದು, ರಸ್ತೆಯದ್ದು ಮತ್ತೊಂದು. ಮೂರು ಟೆಂಡರು, ಮೂವರು ಗುತ್ತಿಗೆದಾರರು. ಒಬ್ಬರ ಬಿಲ್ಲು ಪಾಸಾಗುವ ತನಕ ಇನ್ನೊಬ್ಬರ ಕಡತ ಮೇಜಿನಿಂದ ಏಳುವುದಿಲ್ಲ. ನಡುವೆ ಒಂದೊಂದು ಮಳೆಗಾಲ. ಇದಕ್ಕೆ ಜಾಸ್ತಿ ವಿವರ ಬೇಡ, ನಿಮಗೇ ಗೊತ್ತುಂಟು.

ನಿಜವಾದ ತಪ್ಪು ಆಗುವುದು ಅಗೆಯುವುದರಲ್ಲಿ ಅಲ್ಲ, ಮುಚ್ಚುವುದರಲ್ಲಿ. ನನ್ನದೇ ಕತೆ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಪೇಟೆಯಲ್ಲಿ ಮೇ ತಿಂಗಳ ಕೊನೆಗೆ ಪೈಪು ಹಾಕಿಸಿದೆ. ಆಕಾಶ ಕಪ್ಪಾಗುತ್ತಿತ್ತು. ಗುಂಡಿ ಮುಚ್ಚುವಾಗ ಒಂದು ಗೇಣಿಗಿಂತ ದಪ್ಪ ಮಣ್ಣು ಒಮ್ಮೆಗೇ ಹಾಕಬಾರದು. ಒಂದು ಪದರ ಹಾಕಬೇಕು, ಸ್ವಲ್ಪ ನೀರು ಹಾಕಬೇಕು, ದಮ್ಮಸು ಮಾಡಬೇಕು, ಆಮೇಲೆ ಇನ್ನೊಂದು ಪದರ. ಇದು ನನಗೆ ಬಾಯಿಪಾಠ. ಆದರೂ ಅವಸರಕ್ಕೆ ಬಿದ್ದು ಜೆಸಿಬಿಯಲ್ಲಿ ಮಣ್ಣು ತಳ್ಳಿಸಿ, ಮೇಲೆ ಎರಡು ಸಲ ಚಕ್ರ ಹತ್ತಿಸಿ, ಮುಗಿಯಿತು ಎಂದೆ. ಜೂನಿನ ಎರಡನೇ ವಾರ ಸರ್ವಿಸ್ ಬಸ್ಸೊಂದರ ಹಿಂದಿನ ಚಕ್ರ ಆಕ್ಸಲ್ ತನಕ ಹೂತಿತು. ಪಕ್ಕದ ಹೋಟೆಲಿನವರು ಬಂದು ನೋಡಿ, ನಿಮ್ಮ ರಸ್ತೆ ಬಸ್ಸನ್ನೇ ನುಂಗಿತಲ್ಲ ಎಂಜಿನಿಯರ್ರೆ ಎಂದರು. ಚಾ ಕೊಟ್ಟೇ ಹೇಳಿದರು, ಅದು ಇನ್ನೂ ಕಷ್ಟ.

ನಮ್ಮ ಕಡೆ ಮೇಲೆ ಗಟ್ಟಿ ಮುರಕಲ್ಲು ಇದ್ದರೆ ಪಕ್ಕದಲ್ಲೇ ಗದ್ದೆ ತುಂಬಿಸಿ ಪೇಟೆ ಮಾಡಿದ ಜಾಗ ಇರುತ್ತದೆ. ಅಗೆದಾಗ ಬಂದ ಕೆಸರು ಮಣ್ಣನ್ನೇ ವಾಪಸ್ ತುಂಬಿದರೆ ಅದು ವರ್ಷಗಟ್ಟಲೆ ಕೂರುತ್ತಾ ಹೋಗುತ್ತದೆ. ಡಾಂಬರು ರಸ್ತೆಯಾದರೆ ಮೇಲೆ ತಗ್ಗು ಕಾಣುತ್ತದೆ. ಕಾಂಕ್ರೀಟಿನಲ್ಲಿ ಕಾಣುವುದಿಲ್ಲ. ಕೆಳಗೆ ಮಣ್ಣು ಇಳಿದು ಟೊಳ್ಳಾಗಿರುತ್ತದೆ, ಕಾಂಕ್ರೀಟು ಸಂಕದ ಹಾಗೆ ನಿಂತಿರುತ್ತದೆ. ಒಂದು ದಿನ ಫಟ್ ಎಂದು ಬಿರಿಯುತ್ತದೆ. ಆದ್ದರಿಂದ ನಿಮ್ಮ ಬದಿಯಲ್ಲಿ ಒಳಚರಂಡಿ, ನೀರಿನ ಗುಂಡಿ ತೆಗೆದ ಜಾಗ ಎಲ್ಲಿ ತಗ್ಗಾಗಿದೆ ಎಂದು ಈಗಲೇ ಗುರುತು ಮಾಡಿ ತೋರಿಸಿ. ಅಲ್ಲಿ ಮೆತ್ತಗಿನ ಮಣ್ಣು ತೆಗೆದು ಜಲ್ಲಿ ಪುಡಿ ತುಂಬಿ ದಮ್ಮಸು ಮಾಡಿದ ಮೇಲೆ ಕಾಂಕ್ರೀಟು ಹಾಕಲಿ.

ಇದಕ್ಕಿಂತ ತುರ್ತು ಕೆಲಸ ಇನ್ನೊಂದುಂಟು. ಖಾಲಿ ಪೈಪು. ಕಾಂಕ್ರೀಟು ಮುಗಿದ ಮೇಲೂ ಯಾರಿಗೋ ಹೊಸ ನೀರಿನ ಕನೆಕ್ಷನ್ ಬೇಕಾಗುತ್ತದೆ, ಯಾರೋ ಕೇಬಲ್ ಎಳೆಯುತ್ತಾರೆ. ಕರೆಂಟಿನವರು, ಫೋನಿನವರು, ನಾಳೆ ಗ್ಯಾಸ್ ಪೈಪಿನವರು. ಅವರು ರಸ್ತೆ ದಾಟಲೇಬೇಕು. ಕಾಂಕ್ರೀಟು ಹಾಕುವ ಮೊದಲೇ ಅಲ್ಲಲ್ಲಿ ಅಡ್ಡಕ್ಕೆ ಖಾಲಿ ಪೈಪು ಹೂತು, ಎರಡೂ ತುದಿ ಮುಚ್ಚಿ, ಚರಂಡಿ ಗೋಡೆಯ ಮೇಲೆ ಬಣ್ಣದಲ್ಲಿ ಗುರುತು ಹಾಕಿಟ್ಟರೆ ಆಮೇಲೆ ಒಡೆಯುವ ಪ್ರಮೇಯವೇ ಇಲ್ಲ. ಇದರ ಖರ್ಚು ರಸ್ತೆಯ ಖರ್ಚಿನ ಮುಂದೆ ಏನೂ ಅಲ್ಲ. ಎದುರಿನ ಅರ್ಧದಲ್ಲಿ ಹಾಕಿದ್ದಾರಾ ನೋಡಿ. ಹಾಕಿದ್ದರೆ ಅದರ ತುದಿ ನಿಮ್ಮ ಬದಿಯ ಮಣ್ಣಿನಲ್ಲಿ ಸಿಗುತ್ತದೆ, ಮುಂದುವರಿಸಬಹುದು. ಹಾಕದಿದ್ದರೆ ಅರ್ಧ ಅವಕಾಶ ಹೋಯಿತು. ಆದರೂ ಎದುರಿನ ಕಾಂಕ್ರೀಟಿನ ಕೆಳಗೆ ಅಡ್ಡ ತೂತು ಕೊರೆದು ಪೈಪು ತೂರಿಸಬಹುದು, ನಿಮ್ಮ ಬದಿಯ ಮಣ್ಣು ತೆಗೆದಾಗ ಅದಕ್ಕೆ ಜಾಗವೂ ಸಿಗುತ್ತದೆ. ಅಗೆಯುವವರು ಮೊದಲೇ ತಿಳಿಸಲಿ ಎಂದು ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ ತಂದಿದೆ. ಒಳ್ಳೆಯದೇ. ಆದರೆ ಸಣ್ಣ ಪೇಟೆಯಲ್ಲಿ ಆ್ಯಪಿಗಿಂತ ಬೇಗ ಕೆಲಸ ಮಾಡುವುದು ನಿಮ್ಮಂಥ ಅಂಗಡಿಯವರ ಕಣ್ಣು.

ಈಗ ಹಾರ್ನಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಬಟ್ಟೆ ಅಂಗಡಿಯವರಿಗೆ ಲೆಕ್ಕ ಹೊಸತಲ್ಲ.

ನಿಮ್ಮ ಬದಿಯಲ್ಲಿ ಉಳಿದಿರುವುದು ಮೂರೂವರೆ ಮೀಟರ್ ಅಗಲ ಎಂದುಕೊಳ್ಳಿ. ಎದುರುಬದುರು ಬಸ್ಸು ಮತ್ತು ರಿಕ್ಷಾ ಅದರಲ್ಲಿ ದಾಟಲಾರವು. ಹಾಗಾಗಿ ಒಮ್ಮೆ ಈ ಕಡೆಯವರು, ಒಮ್ಮೆ ಆ ಕಡೆಯವರು ಹೋಗಬೇಕು. ಈಗ ಅದು ಗೌಜಿಯಲ್ಲಿ, ಜಗಳದಲ್ಲಿ ತೀರ್ಮಾನ ಆಗುತ್ತಿದೆ. ಎರಡೂ ತುದಿಯಲ್ಲಿ ಬಾವುಟ ಹಿಡಿದವರು ನಿಂತರು ಎಂದೇ ಇಟ್ಟುಕೊಳ್ಳೋಣ. ಕೊನೆಯ ವಾಹನ ಈ ತುದಿಯಲ್ಲಿ ಒಳಗೆ ಹೋದ ಮೇಲೆ ಅದು ಆ ತುದಿಯಲ್ಲಿ ಹೊರಗೆ ಬರುವ ತನಕ ಎದುರಿನವರನ್ನು ಬಿಡುವ ಹಾಗಿಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿ 300 ಮೀಟರ್ ದಾಟಲು 72 ಸೆಕೆಂಡು ಬೇಕು. ನಾಲ್ಕು ನಿಮಿಷದ ಒಂದು ಸುತ್ತಿನಲ್ಲಿ ಇದು ಎರಡು ಸಲ. 240 ಸೆಕೆಂಡಿನಲ್ಲಿ 144 ಸೆಕೆಂಡು ಯಾರೂ ಒಳಗೆ ಹೋಗದೆ ಕಳೆಯುತ್ತದೆ. ಉಳಿದದ್ದು ಒಂದೊಂದು ಕಡೆಗೆ 48 ಸೆಕೆಂಡು. ಎರಡು ಸೆಕೆಂಡಿಗೆ ಒಂದು ವಾಹನ ಎಂದರೆ 24.

ಅದೇ ತುಂಡು 100 ಮೀಟರ್ ಇದ್ದರೆ ದಾಟಲು 24 ಸೆಕೆಂಡು ಸಾಕು. ಸುತ್ತಿಗೆ 48 ಸೆಕೆಂಡು ಮಾತ್ರ ನಷ್ಟ. ಒಂದೊಂದು ಕಡೆಗೆ 96 ಸೆಕೆಂಡು, 48 ವಾಹನ. ನೋಡಿ, ರಸ್ತೆ ಒಂದಿಂಚು ಅಗಲ ಆಗಲಿಲ್ಲ, ಹೋಗುವ ವಾಹನ ಎರಡು ಪಟ್ಟಾಯಿತು. ಒಂದು ಕಡೆಯಿಂದ ನಿಮಿಷಕ್ಕೆ 8 ವಾಹನ ಬರುತ್ತವೆ ಎಂದಾದರೆ, ಮೊದಲನೆಯದರಲ್ಲಿ ನಿಮಿಷಕ್ಕೆ 6 ಮಾತ್ರ ಹೋಗುತ್ತವೆ. ಅರ್ಧ ಗಂಟೆಯಲ್ಲಿ 60 ವಾಹನದ ಸಾಲು. ಎರಡನೆಯದರಲ್ಲಿ 12 ಹೋಗಬಹುದು, ಸಾಲು ಬೆಳೆಯುವುದೇ ಇಲ್ಲ.

ಹಾಗೆಂದು 100 ಮೀಟರಿನಂತೆ ಮೂರು ಸಲ ಹಾಕಿ ಎಂದರೆ ಒಂದೊಂದಕ್ಕೂ 28 ದಿನ ಹೋಗುತ್ತದೆ, ಮಳೆಗಾಲ ಬಂದುಬಿಡುತ್ತದೆ. ಗುತ್ತಿಗೆದಾರ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಅದರ ಬದಲು ಎರಡು ದಾರಿ ಉಂಟು. ಒಂದು, ಆ 300 ಮೀಟರಿಗೆ ಒಂದೇ ದಿಕ್ಕು. ಎದುರು ದಿಕ್ಕಿನ ವಾಹನಗಳು ಹಿಂದಿನ ಒಳ ರಸ್ತೆಯಲ್ಲಿ ಹೋಗಲಿ. ಆಗ ಕಾಯುವ ಲೆಕ್ಕವೇ ಬರುವುದಿಲ್ಲ. ಇದು ನನಗೆ ಇಷ್ಟದ ದಾರಿ. ಒಳ ರಸ್ತೆಯ ಮನೆಯವರು ಬೈಯುತ್ತಾರೆ, ಒಂದು ತಿಂಗಳು ಎಂದು ಮೊದಲೇ ಹೋಗಿ ಹೇಳಿದರೆ ಕಡಿಮೆ ಬೈಯುತ್ತಾರೆ. ಒಳ ರಸ್ತೆಯೇ ಇಲ್ಲದಿದ್ದರೆ, ನಡುವೆ ಎಲ್ಲಾದರೂ ಶಾಲೆಯ ಅಂಗಳವೋ ಖಾಲಿ ಜಾಗವೋ ಇದ್ದರೆ ಅಲ್ಲಿ ಎರಡು ಬಸ್ಸು ಪಕ್ಕಕ್ಕೆ ನಿಲ್ಲುವಷ್ಟು ಜಾಗ ಬಿಡಿಸಿ. 300ರ ತುಂಡು 150ರ ಎರಡು ತುಂಡಾಗುತ್ತದೆ. ಬಾವುಟದವರಿಗೆ ವಾಕಿಟಾಕಿ ಬೇಡ, ಮೊಬೈಲು ಸಾಕು.

ಬಸ್ ನಿಲ್ದಾಣವನ್ನು ಆ ಒಂದು ತಿಂಗಳ ಮಟ್ಟಿಗೆ ತುಂಡಿನ ಹೊರಗೆ ಕಳಿಸಲೇಬೇಕು. ನಮ್ಮ ಸರ್ವಿಸ್ ಬಸ್ಸುಗಳ ಟೈಮಿಂಗ್ ಗಲಾಟೆ ನಿಮಗೆ ಗೊತ್ತು. ಹಿಂದಿನ ಬಸ್ಸು ಬರುವ ತನಕ ಒಂದು ಟಿಕೆಟಾದರೂ ಜಾಸ್ತಿ ಸಿಗಲಿ ಎಂದು ನಡು ರಸ್ತೆಯಲ್ಲಿ ನಿಲ್ಲಿಸಿ, ಹಿಂದೆ ಹತ್ತು ವಾಹನ ನಿಂತ ಮೇಲೆ ಕಂಡಕ್ಟರು ಪೋಯಿ, ರೈಟ್ ಎನ್ನುತ್ತಾನೆ. ಒಂದೇ ಪಥದ ರಸ್ತೆಯಲ್ಲಿ ಅವನ 40 ಸೆಕೆಂಡು ಎಲ್ಲರ 40 ಸೆಕೆಂಡು.

ಅಗಲ ಮಾಡುವ ಮಾತಿಗೆ ಬರುತ್ತೇನೆ. ನಿಮ್ಮ ಜಗಲಿ ಉಳಿಯಲಿ ಎಂದು ಹೇಳುತ್ತಿಲ್ಲ, ಲೆಕ್ಕ ಹಾಗೆ ಹೇಳುತ್ತದೆ. ರಸ್ತೆ ಕೆಲಸದ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗೆ ಒಂದು ಲೆಕ್ಕ ಕೊಟ್ಟಿದೆ. ಎರಡು ಪಥದ ರಸ್ತೆ, ಎರಡೂ ದಿಕ್ಕಿನ ಓಡಾಟ, ಬದಿಯಲ್ಲಿ ಯಾರೂ ವಾಹನ ನಿಲ್ಲಿಸುವುದಿಲ್ಲ, ಅಂಗಡಿ ಬಾಗಿಲು ರಸ್ತೆಗೆ ತೆರೆಯುವುದಿಲ್ಲ ಎಂದಾದರೆ ಬಸ್ಸು, ಬೈಕು ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತಂದು ಎಣಿಸಿದರೆ ಗಂಟೆಗೆ 1500 ವಾಹನ ಹೋಗಬಹುದು. ಅದೇ ಎರಡು ಪಥದ ರಸ್ತೆಯ ಬದಿಯಲ್ಲಿ ವಾಹನ ನಿಂತು, ಜನ ಅಡ್ಡ ದಾಟುತ್ತಾ, ಅಂಗಡಿಗಳಿದ್ದರೆ 900. ಅಗಲ ಅಷ್ಟೇ. ಹೋದದ್ದು 600. ನಿಮ್ಮ ಪೇಟೆ ಎರಡನೇ ಜಾತಿಯದ್ದು.

ಆ 600 ಎಲ್ಲಿ ಹೋಯಿತು? ಕೋಪ ಮಾಡಬೇಡಿ. ಬೆಳಿಗ್ಗೆ ಒಂಬತ್ತಕ್ಕೆ ಪೇಟೆಯಲ್ಲಿ ಮೊದಲು ಬಂದು ನಿಲ್ಲುವ ವಾಹನ ಯಾರದ್ದು? ಗಿರಾಕಿ ಆಗ ಇನ್ನೂ ಮನೆಯಲ್ಲಿ ದೋಸೆ ತಿನ್ನುತ್ತಿರುತ್ತಾರೆ. ನಿಲ್ಲುವುದು ಅಂಗಡಿಯವರ ಕಾರು, ಕೆಲಸದವರ ಬೈಕು. ಅದು ಏಳುವುದು ರಾತ್ರಿ ಎಂಟಕ್ಕೆ. ನಾನು ಒಂದು ಪೇಟೆಯಲ್ಲಿ ಸುಮ್ನೆ ಕುತೂಹಲಕ್ಕೆ ಒಂದು ದಿನ ನಂಬರು ಬರೆದುಕೊಂಡು ಕೂತಿದ್ದೆ. ಬೆಳಿಗ್ಗೆ ಬರೆದ ನಂಬರುಗಳಲ್ಲಿ ಹೆಚ್ಚಿನವು ಸಂಜೆಯೂ ಅಲ್ಲೇ ಇದ್ದವು. ಒಂದು ಕಾರು ನಿಲ್ಲಲು ಸುಮಾರು 5 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕು. ಆ ಜಾಗದಲ್ಲಿ ಒಬ್ಬರು 20 ನಿಮಿಷ ನಿಂತು ಹೋದರೆ 10 ಗಂಟೆಯಲ್ಲಿ 30 ಗಿರಾಕಿಗಳು ಬಂದು ಹೋಗಬಹುದು. ಈಗ ಬರುತ್ತಿರುವುದು ಒಬ್ಬರೇ, ಅದೂ ಅಂಗಡಿಯ ಯಜಮಾನರು.

ಇಂಥ ಕಡೆ ರಸ್ತೆ ಎರಡು ಮೀಟರ್ ಅಗಲ ಮಾಡಿ, ಅಲ್ಲಿ ಇನ್ನೊಂದು ಸಾಲು ಕಾರು ನಿಲ್ಲುತ್ತದೆ. ವಾಹನ ಹೋಗುವ ಜಾಗ ಮೊದಲಿನಷ್ಟೇ. ನಿಮ್ಮ ಜಗಲಿ ಮಾತ್ರ ಹೋಗಿರುತ್ತದೆ.

ಅಗಲ ಮಾಡುವುದರಿಂದ ಪ್ರಯೋಜನ ಆಗುವ ಜಾಗಗಳೂ ಇವೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ರಸ್ತೆ ನಾಲ್ಕು ಪಥ ಆಗಿ ವರ್ಷಗಳಾದರೂ ಇಂದ್ರಾಳಿಯ ರೈಲ್ವೆ ಸೇತುವೆ ಹಳೆಯ ಅಗಲದಲ್ಲೇ ಇತ್ತಲ್ಲ. ಆ ದಿನಗಳಲ್ಲಿ ಅಲ್ಲಿ ಕಾದವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ಕೊಡಪಾನದ ಹೊಟ್ಟೆ ಎಷ್ಟು ದೊಡ್ಡದಿದ್ದರೇನು, ನೀರು ಬರುವುದು ಕಂಠದಲ್ಲಿ. ಉಡುಪಿಯ ಕಲ್ಸಂಕ ಜಂಕ್ಷನ್ನನ್ನೇ ನೋಡಿ. ಬಸ್ ಸ್ಟ್ಯಾಂಡ್ ಕಡೆಯಿಂದ, ಕಡಿಯಾಳಿ ಕಡೆಯಿಂದ, ಗುಂಡಿಬೈಲಿನಿಂದ, ಕೃಷ್ಣ ಮಠದ ಪಾರ್ಕಿಂಗ್ ಜಾಗದಿಂದ, ಎಲ್ಲರೂ ಒಂದೇ ಕಡೆ ಬಂದು ಸೇರುತ್ತಾರೆ. ಸಂಕ ಎಂದರೇ ಸೇತುವೆ, ಕೆಳಗೆ ಇಂದ್ರಾಣಿ ತೋಡು. ಹೆಸರಿನಲ್ಲೇ ಕಂಠ ಉಂಟು. ರಜೆಯ ದಿನ ಪ್ರವಾಸಿಗಳ ಬಸ್ಸು ಬಂದಾಗ ಅಲ್ಲಿ ನಿಂತು, ರಸ್ತೆ ಅಗಲ ಇಲ್ಲ ಎಂದು ಬೈದು ಪ್ರಯೋಜನ ಇಲ್ಲ. ಅಲ್ಲಿ ಬೇಕಾದದ್ದು ಯಾರು ಯಾವಾಗ ತಿರುಗಬೇಕು ಎನ್ನುವ ಶಿಸ್ತು. ನಿಮ್ಮ ಪೇಟೆಯ ಕಂಠ ಎಲ್ಲಿ? ಹೆಚ್ಚಾಗಿ ಅದು ಸರ್ಕಲ್ ಆಗಿರುತ್ತದೆ, ಇಲ್ಲವೇ ಮೀನು ಮಾರ್ಕೆಟಿನ ತಿರುವು. ಆ ಮೂಲೆಯನ್ನು ಸ್ವಲ್ಪ ಕಡಿದು ಬಿಡಿಸುತ್ತೇವೆ ಎಂದರೆ ವಿರೋಧ ಮಾಡಬೇಡಿ. ಉದ್ದಕ್ಕೂ ಅಂಗಡಿಗಳ ಮುಖ ಕೊಯ್ಯುತ್ತೇವೆ ಎಂದರೆ ವಾಹನ ಎಣಿಸಿದ ಲೆಕ್ಕ ತೋರಿಸಿ ಎನ್ನಿ. ಜಾಗ ಬಿಟ್ಟುಕೊಡಿ ಎಂದು ಬಾಯಿಮಾತಿನಲ್ಲಿ ಕೇಳಿದರೆ ಹೂಂ ಎನ್ನಬೇಡಿ. ನೋಟಿಸು ಬರವಣಿಗೆಯಲ್ಲಿ ಬರಲಿ, ಪರಿಹಾರ ಏನೆಂದು ಅದರಲ್ಲಿ ಇರಲಿ.

ಬೀದಿ ಬದಿಯಲ್ಲಿ ಹೂವು, ಹಣ್ಣು ಮಾರುವವರನ್ನು ಎಬ್ಬಿಸಿದರೆ ಸಾಕು ಎನ್ನುವ ಒಂದು ಮಾತು ಇಂಥ ಸಭೆಗಳಲ್ಲಿ ಬಂದೇ ಬರುತ್ತದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಹಕ್ಕು ಕೊಟ್ಟಿದೆ. ಅದಕ್ಕಿಂತ ಹೆಚ್ಚಾಗಿ, ಒಂದು ಹೂವಿನ ಬುಟ್ಟಿ ಹಿಡಿಯುವ ಜಾಗ ಎಷ್ಟು, ಒಂದು ಕಾರು ಹಿಡಿಯುವ ಜಾಗ ಎಷ್ಟು?

ಯಾರ ಹತ್ತಿರ ಕೇಳುವುದು ಎಂದಿರಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅಂದಾಜುಪಟ್ಟಿ, ಕಾರ್ಯಾದೇಶ, ಮುಗಿಸಬೇಕಾದ ದಿನಾಂಕ ಕೇಳಬಹುದು. ಕೆಲಸ ಹಾಳಾದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿ ಮಾಡಬೇಕಾದ ಅವಧಿ ಎಷ್ಟು ಎನ್ನುವುದೂ ಕಾಗದದಲ್ಲಿ ಇರುತ್ತದೆ, ಅದನ್ನು ಮರೆಯದೆ ಕೇಳಿ. ಆದರೆ ಉತ್ತರಕ್ಕೆ 30 ದಿನ ಸಮಯ ಉಂಟು. ಅಷ್ಟರಲ್ಲಿ ನಿಮ್ಮ ಬದಿಯ ಕಾಂಕ್ರೀಟು ಮುಗಿದಿರುತ್ತದೆ. ಹಾಗಾಗಿ ಅರ್ಜಿ ಹಾಕಿ, ಜೊತೆಗೆ ನಾಲ್ಕೈದು ಮಂದಿ ಅಂಗಡಿಯವರು ಸೇರಿ ಪುರಸಭೆಯ ಎಂಜಿನಿಯರನ್ನು ನೇರ ರಸ್ತೆಗೇ ಕರೆಯಿರಿ. ಕಚೇರಿಗೆ ಹೋಗಬೇಡಿ. ಕಚೇರಿಯಲ್ಲಿ ಎಂಜಿನಿಯರಿಗೆ ಕಡತ ಕಾಣುತ್ತದೆ, ರಸ್ತೆಯಲ್ಲಿ ರಸ್ತೆ ಕಾಣುತ್ತದೆ. ಸಂಚಾರಿ ಪೊಲೀಸರೂ ಬಂದರೆ ಒಂದೇ ದಿಕ್ಕಿನ ಮಾತು ಅಲ್ಲೇ ಮುಗಿಯಬಹುದು.

ನಿಮ್ಮ ಬದಿಯ ಸರದಿ ಮೇ ತಿಂಗಳಲ್ಲಿ ಬರುತ್ತದೆ. ಜೂನ್ ಮೊದಲ ವಾರಕ್ಕೆ ಮಳೆ. ಹೆದರಬೇಡಿ, ಮಳೆ ಡಾಂಬರಿಗೆ ಶತ್ರು, ಗಟ್ಟಿಯಾದ ಕಾಂಕ್ರೀಟಿಗೆ ಪುಕ್ಕಟೆ ನೀರು. ಕಷ್ಟ ಇರುವುದು ಹಾಕಿದ ಮೊದಲ ಕೆಲವು ಗಂಟೆಯಲ್ಲಿ. ಮೇ ಸಂಜೆಯ ಗುಡುಗು ಮಳೆ ಹಸಿ ಕಾಂಕ್ರೀಟಿನ ಮೇಲೆ ಬಿದ್ದರೆ ಸಿಮೆಂಟಿನ ಹಾಲು ತೊಳೆದು ಹೋಗಿ ಜಲ್ಲಿ ಮೇಲೆದ್ದು ಕಾಣುತ್ತದೆ. ಟಾರ್ಪಾಲು ಮೊದಲೇ ತಂದಿಟ್ಟಿದ್ದಾರಾ ಕೇಳಿ. ನೀರು ಹಿಡಿಸುವ 14 ದಿನ ಕಳೆದ ಮೇಲೆ ವಾಹನಕ್ಕೆ ಮುಚ್ಚಿದ ಆ ಕಾಂಕ್ರೀಟು ನಡೆಯುವವರಿಗೆ ಬಹಳ ಒಳ್ಳೆಯ ಜಾಗ. ಬೈಕು ನುಗ್ಗದ ಹಾಗೆ ತಡೆ ಇಡಿಸಿ, ಅಂಗಡಿ ಮುಂದೆ ನಾಲ್ಕು ಕುರ್ಚಿ ಹಾಕಿ. ಮದುವೆ ಸೀರೆಗೆ ಬಂದ ಅಜ್ಜಿಯರು ಹಾರ್ನಿಲ್ಲದೆ ಕೂತುಕೊಳ್ಳಲಿ.

ಕೊನೆಗೆ ನೀವು ಕೇಳದ ಒಂದು ಮಾತು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಕಾಂಕ್ರೀಟಿನ ದಪ್ಪವೇ 20 ಸೆಂ.ಮೀ. ಆಸುಪಾಸು. ಹಳೆಯ ರಸ್ತೆ ಪೂರ್ತಿ ತೆಗೆಯದೆ ಹಾಕಿದರೆ ರಸ್ತೆ ಎತ್ತರ ಆಗುತ್ತದೆ, ಅಂಗಡಿ ತಗ್ಗಾಗುತ್ತದೆ. ಎದುರಿನ ಅರ್ಧ ಮುಗಿದಿರುವುದರಿಂದ ನಿಮ್ಮ ಬದಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಈಗಲೇ ಅಳೆಯಬಹುದು. ಗಾರೆ ಕೆಲಸದವರ ಹತ್ತಿರ ನೀರು ತುಂಬಿದ ಲೆವೆಲ್ ಟ್ಯೂಬ್ ಇರುತ್ತದಲ್ಲ, ಅದನ್ನು ತರಿಸಿ. ಒಂದು ತುದಿ ರಸ್ತೆ ನಡುವೆ ಮುಗಿದ ಕಾಂಕ್ರೀಟಿನ ಮೇಲ್ಮೈಗೆ, ಇನ್ನೊಂದು ತುದಿ ನಿಮ್ಮ ಹೊಸ್ತಿಲಿಗೆ. ನೀರು ಹರಿಯಲು ರಸ್ತೆಗೆ ನೂರಕ್ಕೆ ಎರಡರಷ್ಟು ಇಳಿಜಾರು ಕೊಡುತ್ತಾರೆ. ಮೂರೂವರೆ ಮೀಟರಿಗೆ 7 ಸೆಂ.ಮೀ. ಅಂದರೆ ನಡುವಿನ ಎತ್ತರದಿಂದ 7 ಸೆಂ.ಮೀ. ಕೆಳಗೆ ನಿಮ್ಮ ಬದಿಯ ಅಂಚು ಬರುತ್ತದೆ. ನಿಮ್ಮ ಹೊಸ್ತಿಲು ಅದಕ್ಕಿಂತಲೂ ಕೆಳಗೆ ಸಿಕ್ಕಿದರೆ ಆ ರಾತ್ರಿಯೇ ಎಂಜಿನಿಯರಿಗೆ ಫೋನ್ ಮಾಡಿ. ಹಳೆಯ ಪದರ ಇನ್ನಷ್ಟು ಕೆರೆದು ತೆಗೆಯುವುದೋ, ನಿಮ್ಮ ಬದಿಗೆ ಇಳಿಜಾರು ಹೆಚ್ಚಿಸುವುದೋ, ಚರಂಡಿಯ ಮೇಲೆ ಕಬ್ಬಿಣದ ಜಾಲರಿ ಕೊಡುವುದೋ, ಮಾಡುವುದಕ್ಕೆ ಆಗ ಇನ್ನೂ ದಾರಿ ಇರುತ್ತದೆ. ಕಾಂಕ್ರೀಟು ಲಾರಿ ಬಂದು ಡ್ರಮ್ ತಿರುಗಿಸುತ್ತಾ ನಿಂತ ಮೇಲೆ ಯಾರಿಗೂ ನಿಮ್ಮ ಹೊಸ್ತಿಲು ಕಾಣುವುದಿಲ್ಲ.